ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ?

ಎರಡು ವರ್ಷದ ಹಿಂದಿನ ಏಪ್ರಿಲ್. ಅಟ್ಲಾಂಟಾದಲ್ಲಿ ರಾತ್ರಿ ಒಂಬತ್ತು ದಾಟಿತ್ತು. ಊರಿನಲ್ಲಿ ಬೆಳಗಿನ ಏಳಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅಮ್ಮನ ಫೋನು. 'ನಿಮ್ಮಪ್ಪ ಹೂ ಕೀಳೋಕೆ ಹೋದೋರು ಹಾಗೇ ಜಗಲಿ ಮೇಲೆ ಕೂತ್ಬಿಟ್ಟಿದಾರೆ ಕಣೋ. ಬಾಯಿ ಒಂದ್ ಕಡೆ ಸೊಟ್ಟಗಾಗಿದೆ, ಮಾತು ತೊದಲ್ತಿದೆ. ಏನ್ ಮಾಡ್ಲಿ?'

ಆಗ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಈಗಲೂ ಮುಜುಗರವಾಗುತ್ತದೆ. ಮೊದಲು ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನು ಹಚ್ಚಿದೆ, ಅವನು ಎತ್ತಲಿಲ್ಲ. ವೈದ್ಯನಾಗಿರುವ ಹಳೆಯ ಸಹಪಾಠಿಗೆ ವಾಟ್ಸ್‌ಆ್ಯಪ್ ಕಳಿಸಿ ನೀಲಿ ಗೆರೆ ಮೂಡುವುದನ್ನೇ ಕಾಯುತ್ತಾ ಕೂತೆ. 108 ನೆನಪಾಯಿತು. ಆದರೆ ಅಮೆರಿಕದಿಂದ ಅದಕ್ಕೆ ಕರೆ ಹೋಗುವುದಿಲ್ಲ. ಅಮ್ಮನಿಗೆ 'ನೀನೇ 108ಕ್ಕೆ ಮಾಡು' ಎಂದು ಹೇಳುವಷ್ಟು ಬುದ್ಧಿ ಬರುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಅಷ್ಟರಲ್ಲಿ ಬೀದಿಯ ಹಿರಿಯರೊಬ್ಬರು ಬಂದು, 'ಇದು ಲಕ್ವ, ಎಣ್ಣೆ ತಿಕ್ಕಿ, ಒಂದು ಲೋಟ ನೀರು ಕುಡಿಸಿ' ಎಂದಿದ್ದರು. ಕುಡಿಸಿದರು. ನೀರು ನೆತ್ತಿಗೇರಿ ಅಪ್ಪ ಕೆಮ್ಮಿ ಸುಸ್ತಾದರು.

ಪಕ್ಕದ ಮನೆಯವರ ಕಾರಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೋದರು. ಅಲ್ಲಿ ಬಿ.ಪಿ. ನೋಡಿ, ಡ್ರಿಪ್ ಹಾಕಿ, 'ಇಲ್ಲಿ ಸ್ಕ್ಯಾನ್ ಇಲ್ಲ, ಮುಂದಕ್ಕೆ ಕರ್ಕೊಂಡು ಹೋಗಿ' ಎಂದರು. ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಇತ್ತು. ಆದರೆ ಅದನ್ನು ನೋಡಿ ತೀರ್ಮಾನ ಹೇಳುವ ನರರೋಗ ತಜ್ಞರು ಅಂದು ರಜೆಯಲ್ಲಿದ್ದರು. ಮೂರನೆಯ ಆಸ್ಪತ್ರೆ ತಲುಪಿದಾಗ ಹನ್ನೊಂದೂವರೆ. ಅಲ್ಲಿನ ವೈದ್ಯರು ಒಳ್ಳೆಯವರು. ಮೆಲ್ಲಗೆ ಹೇಳಿದರಂತೆ: 'ಇನ್ನೊಂದು ಗಂಟೆ ಮೊದಲು ಬಂದಿದ್ರೆ ಇಂಜೆಕ್ಷನ್ ಕೊಡಬಹುದಿತ್ತು.'

ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ಬಲಗೈ ಎತ್ತಲಾಗುವುದಿಲ್ಲ. ಹೂ ಕೀಳುವ ಕೆಲಸ ಅಮ್ಮನದಾಗಿದೆ.

ಅದೇ ವರ್ಷ ಅಕ್ಟೋಬರಿನಲ್ಲಿ, ಎಲೆಗಳ ಬಣ್ಣ ನೋಡಲೆಂದು ಉತ್ತರ ಜಾರ್ಜಿಯಾದ ಬೆಟ್ಟಗಳಿಗೆ ಹೋಗಿದ್ದ ಸ್ನೇಹಿತರ ಮನೆಯಲ್ಲಿ ಇಂಥದ್ದೇ ಆಯಿತು. ಮೈಸೂರಿನಿಂದ ಬಂದಿದ್ದ ಅವರ ತಾಯಿ ತಿಂಡಿ ತಿನ್ನುತ್ತಿದ್ದಾಗ ಕೈಯಿಂದ ಚಮಚ ಜಾರಿತು. 911ಕ್ಕೆ ಕರೆ ಹೋಯಿತು. ಸುತ್ತ ಕಾಡು, ಹತ್ತಿರದಲ್ಲಿ ದೊಡ್ಡ ಊರಿಲ್ಲ. ಬಂದ ಆಂಬುಲೆನ್ಸ್ ಸಿಬ್ಬಂದಿ ಮೂರು ಸಲ ಒಂದೇ ಪ್ರಶ್ನೆ ಕೇಳಿದರಂತೆ: ಇವರು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ? ಉತ್ತರವನ್ನು ಗಂಟೆ ನಿಮಿಷ ಸಮೇತ ಬರೆದುಕೊಂಡರು. ದಾರಿಯಿಂದಲೇ ಆಸ್ಪತ್ರೆಗೆ ತಿಳಿಸಿದರು. ಅದು ನಮ್ಮ ಕಡೆಯ ತಾಲ್ಲೂಕು ಆಸ್ಪತ್ರೆಗಿಂತ ಬಹಳ ದೊಡ್ಡದೇನಲ್ಲ, ನರರೋಗ ತಜ್ಞರು ಅಲ್ಲೂ ಇರಲಿಲ್ಲ. ಆದರೆ ಸ್ಟ್ರೆಚರ್ ನೇರ ಸ್ಕ್ಯಾನ್ ಕೋಣೆಗೆ ಹೋಯಿತು. ಹೊರಗೆ ಬರುವಷ್ಟರಲ್ಲಿ ಗಾಲಿಯ ಮೇಲಿನ ಪರದೆಯಲ್ಲಿ ದೂರದ ನಗರದ ತಜ್ಞರೊಬ್ಬರು ಕಾಯುತ್ತಿದ್ದರು. 'ಕೈ ಎತ್ತಿ, ನಗಿ, ಈ ಚಿತ್ರದಲ್ಲಿ ಏನಿದೆ ಹೇಳಿ' ಎಂದರು, ಮಗಳು ಕನ್ನಡಕ್ಕೆ ತಿರುಗಿಸಿ ಹೇಳಿದಳು. ಇಂಜೆಕ್ಷನ್ ಕೊಟ್ಟು, ಮುಂದಿನ ಚಿಕಿತ್ಸೆಗೆ ಅಟ್ಲಾಂಟಾಕ್ಕೆ ಕಳಿಸಿದರು. ಆ ತಾಯಿ ಸಂಕ್ರಾಂತಿಗೆ ಮುಂಚೆ ತಾವಾಗಿಯೇ ನಡೆದು ವಿಮಾನ ಹತ್ತಿದರು.

ಎರಡೂ ಕಡೆ ರೋಗ ಒಂದೇ. ಔಷಧ ಭಾರತದಲ್ಲೂ ಸಿಗುತ್ತದೆ. ನಮ್ಮ ವೈದ್ಯರ ಜಾಣ್ಮೆಗೇನೂ ಕೊರತೆಯಿಲ್ಲ, ಅಟ್ಲಾಂಟಾದ ಆಸ್ಪತ್ರೆಗಳಲ್ಲಿ ಕರ್ನಾಟಕದಲ್ಲಿ ಓದಿದ ವೈದ್ಯರು ಬೇಕಾದಷ್ಟು ಸಿಗುತ್ತಾರೆ. ಹಾಗಾದರೆ ಅಪ್ಪನಿಗೆ ತಪ್ಪಿದ್ದು ಏನು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಜಾರ್ಜಿಯಾ ರಾಜ್ಯದ ಒಂದು ಕಾಯ್ದೆ, ಅದರ ಹಿಂದೆ ಇಬ್ಬರು ರಾಜಕಾರಣಿಗಳ ಕಥೆ.

ಇಬ್ಬರು ಎದುರಾಳಿಗಳು, ಒಂದು ಕಾಯ್ದೆ

ಅಮೆರಿಕದ ಆಗ್ನೇಯ ರಾಜ್ಯಗಳನ್ನು 'ಸ್ಟ್ರೋಕ್ ಬೆಲ್ಟ್' ಎನ್ನುತ್ತಾರೆ. ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಕ್ಯಾರೊಲೈನಾಗಳು ಇದರಲ್ಲಿ ಬರುತ್ತವೆ. ಪಾರ್ಶ್ವವಾಯುವಿನಿಂದ ಸಾಯುವವರ ಪ್ರಮಾಣ ಇಲ್ಲಿ ದೇಶದ ಉಳಿದ ಭಾಗಕ್ಕಿಂತ ಹೆಚ್ಚು ಎಂಬುದು 1960ರ ದಶಕದಿಂದಲೇ ಗೊತ್ತು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಡತನ, ಎಣ್ಣೆ ಉಪ್ಪಿನ ಊಟ ಎಲ್ಲವೂ ಕಾರಣಗಳ ಪಟ್ಟಿಯಲ್ಲಿವೆ.

ಪಾಲ್ ಕವರ್‌ಡೆಲ್ ಈ ರಾಜ್ಯದಿಂದ ಆಯ್ಕೆಯಾಗಿದ್ದ ರಿಪಬ್ಲಿಕನ್ ಸೆನೆಟರ್. 2000ದ ಜುಲೈಯಲ್ಲಿ ತಲೆನೋವೆಂದು ಆಸ್ಪತ್ರೆಗೆ ಹೋದವರು ಮಿದುಳಿನ ರಕ್ತಸ್ರಾವದಿಂದ 18ರಂದು ತೀರಿಕೊಂಡರು. ಆಗ ಅವರಿಗೆ 61 ವರ್ಷ. ಮರುವರ್ಷ ಅಮೆರಿಕದ ಕಾಂಗ್ರೆಸ್ ಅವರ ಹೆಸರಿನಲ್ಲಿ ಸ್ಟ್ರೋಕ್ ರೋಗಿಗಳ ನೋಂದಣಿ ವ್ಯವಸ್ಥೆಯೊಂದನ್ನು ಕಟ್ಟುವಂತೆ ರೋಗ ನಿಯಂತ್ರಣ ಕೇಂದ್ರಕ್ಕೆ (ಸಿಡಿಸಿ) ಹೇಳಿತು. ಅದರ ಕೇಂದ್ರ ಕಚೇರಿ ಇರುವುದೂ ಅಟ್ಲಾಂಟಾದಲ್ಲೇ. ಜಾರ್ಜಿಯಾ, ಮ್ಯಾಸಚೂಸೆಟ್ಸ್, ಮಿಷಿಗನ್ ಮತ್ತು ಒಹಾಯೊಗಳಲ್ಲಿ ಮೊದಲ ಪ್ರಯೋಗ ನಡೆಯಿತು. 2004ರಿಂದ ಈ ಹೊಣೆ ರಾಜ್ಯಗಳ ಆರೋಗ್ಯ ಇಲಾಖೆಗಳ ಕೈಗೆ ಬಂತು.

ಇನ್ನೊಬ್ಬರು ಟಾಮ್ ಮರ್ಫಿ, ಡೆಮಾಕ್ರಟಿಕ್ ಪಕ್ಷದವರು. 1973ರಿಂದ ಸುಮಾರು ಮೂರು ದಶಕ ಜಾರ್ಜಿಯಾ ಶಾಸನಸಭೆಯ ಸ್ಪೀಕರ್ ಆಗಿದ್ದ ದೊಡ್ಡ ತಲೆ. ಕವರ್‌ಡೆಲ್ ರಾಜ್ಯದ ಸೆನೆಟ್‌ನಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದಾಗ ಇಬ್ಬರೂ ಎದುರುಬದುರು ಬಣದವರು. ಮರ್ಫಿಯವರಿಗೆ 2004ರಲ್ಲಿ ಪಾರ್ಶ್ವವಾಯು ಬಡಿಯಿತು, 2007ರ ಡಿಸೆಂಬರಿನಲ್ಲಿ ತೀರಿಕೊಂಡರು. 2008ರಲ್ಲಿ ಜಾರ್ಜಿಯಾ ಶಾಸನಸಭೆ ಇಬ್ಬರ ಹೆಸರನ್ನೂ ಜೋಡಿಸಿ 'ಕವರ್‌ಡೆಲ್–ಮರ್ಫಿ ಕಾಯ್ದೆ' ತಂದಿತು.

ಕಾಯ್ದೆ ಹೊಸ ಆಸ್ಪತ್ರೆ ಕಟ್ಟಿಸಲಿಲ್ಲ. ಇದ್ದ ಆಸ್ಪತ್ರೆಗಳನ್ನು ವಿಂಗಡಿಸಿತು. ಸ್ಟ್ರೋಕ್ ತಂಡ, ಸ್ಕ್ಯಾನ್, ತಜ್ಞರು ಎಲ್ಲ ಇರುವವು 'ಪ್ರೈಮರಿ' ಕೇಂದ್ರಗಳು. ತಜ್ಞರಿಲ್ಲದಿದ್ದರೂ ಸ್ಕ್ಯಾನ್ ಮಾಡಿ, ದೂರಸಂಪರ್ಕದ ಮೂಲಕ ದೊಡ್ಡ ಕೇಂದ್ರದ ಸಲಹೆ ಪಡೆದು ಇಂಜೆಕ್ಷನ್ ಕೊಡಬಲ್ಲ ಸಣ್ಣ ಆಸ್ಪತ್ರೆಗಳು 'ರಿಮೋಟ್ ಟ್ರೀಟ್‌ಮೆಂಟ್' ಕೇಂದ್ರಗಳು. ಮುಂದೆ ತಿದ್ದುಪಡಿ ತಂದು ಇನ್ನೂ ಮೇಲಿನ ಹಂತಗಳನ್ನು ಸೇರಿಸಿದರು. ಯಾವ ಆಸ್ಪತ್ರೆ ಯಾವ ಹಂತದ್ದು ಎಂಬ ಪಟ್ಟಿಯನ್ನು ರಾಜ್ಯದ ಇಲಾಖೆಯೇ ಪ್ರತಿ ಆಂಬುಲೆನ್ಸ್ ಸೇವೆಗೂ ಕಳಿಸುತ್ತದೆ. ರೋಗಿಯನ್ನು ನೋಡಿದ ಕೂಡಲೇ ಸ್ಟ್ರೋಕ್ ಹೌದೋ ಅಲ್ಲವೋ ಎಂದು ಅಳೆಯುವ ಒಂದು ಮಾದರಿ ವಿಧಾನವನ್ನೂ ಕೊಡುತ್ತದೆ. ಹೀಗಾಗಿ 'ಎಲ್ಲಿಗೆ ಕರೆದುಕೊಂಡು ಹೋಗೋಣ?' ಎಂಬ ಪ್ರಶ್ನೆ ಮನೆಯವರ ತಲೆಯಿಂದ ಇಳಿದು ಸರ್ಕಾರದ ತಲೆಗೆ ಹೋಗುತ್ತದೆ. ಅಂದು ಬೆಳಿಗ್ಗೆ ನನ್ನ ತಾಯಿಯ ತಲೆಯ ಮೇಲಿದ್ದದ್ದು ಇದೇ ಭಾರ.

ನಿಮಿಷದ ಲೆಕ್ಕ

ಇಷ್ಟೊಂದು ಅವಸರ ಯಾಕೆ? ಮಿದುಳಿನ ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು 2006ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಲೆಕ್ಕ. ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಇಂಜೆಕ್ಷನ್ನಿಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 1996ರಲ್ಲಿ. ಮೊದಲು ಮೂರು ಗಂಟೆಯೊಳಗೆ ಮಾತ್ರ ಎನ್ನುತ್ತಿದ್ದರು, 2008ರ ಯುರೋಪಿನ ಅಧ್ಯಯನದ ನಂತರ ಅದು ನಾಲ್ಕೂವರೆ ಗಂಟೆಗೆ ಬಂತು. ತೊಡೆಯ ಬಳಿಯ ರಕ್ತನಾಳದಿಂದ ಸಣ್ಣ ಕೊಳವೆ ಹಾಯಿಸಿ ಹೆಪ್ಪನ್ನೇ ಎಳೆದು ತೆಗೆಯುವ ಥ್ರಾಂಬೆಕ್ಟಮಿ 2015ರಿಂದ ಗಟ್ಟಿಯಾಗಿ ನೆಲೆಯೂರಿತು. ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಇದರಿಂದ ಉಪಯೋಗವಿದೆ ಎಂದು 2018ರಲ್ಲಿ ಪ್ರಕಟವಾದ 'ಡಾನ್' ಅಧ್ಯಯನ ತೋರಿಸಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ರೌಲ್ ನೊಗೇರಾ ಆಗ ಅಟ್ಲಾಂಟಾದ ಗ್ರೇಡಿ ಆಸ್ಪತ್ರೆಯಲ್ಲಿದ್ದರು. ಹೆಸರು ನೋಡಿ ನಮ್ಮವರೇ ಎಂದುಕೊಂಡಿದ್ದೆ, ಅಲ್ಲ, ಬ್ರೆಜಿಲ್ ಮೂಲದವರು.

ಆದರೆ ಒಂದು ತೊಡಕಿದೆ. ಅಮೆರಿಕದಲ್ಲಿ ಶೇ 87ರಷ್ಟು ಸ್ಟ್ರೋಕ್‌ಗಳು ಹೆಪ್ಪಿನಿಂದ ಬರುತ್ತವೆ, ಉಳಿದವು ರಕ್ತಸ್ರಾವದಿಂದ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ರಕ್ತಸ್ರಾವ ಆದವರಿಗೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಸಿ.ಟಿ. ಸ್ಕ್ಯಾನ್ ಆಗದೆ ಯಾವ ವೈದ್ಯರೂ ಸೂಜಿ ಚುಚ್ಚಲಾರರು. ಮನೆಯಲ್ಲಿ ಆ್ಯಸ್ಪಿರಿನ್ ನುಂಗಿಸುವುದು ಕೂಡ ಇದೇ ಕಾರಣಕ್ಕೆ ತಪ್ಪು. ಎದೆನೋವಿನ ಬುದ್ಧಿಯನ್ನು ಇಲ್ಲಿಗೆ ತರಬಾರದು.

ನೋಂದಣಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಹೆಚ್ಚು ಹಿಡಿಸಿದ್ದು ಅದೇ. ಕವರ್‌ಡೆಲ್ ಯೋಜನೆಯಲ್ಲಿ ಸೇರಿದ ಆಸ್ಪತ್ರೆಗಳು ಪ್ರತಿ ರೋಗಿಯ ಲೆಕ್ಕ ಇಡುತ್ತವೆ. ಬಾಗಿಲಿಗೆ ಬಂದದ್ದು ಎಷ್ಟು ಗಂಟೆಗೆ, ಸೂಜಿ ಚುಚ್ಚಿದ್ದು ಎಷ್ಟು ಗಂಟೆಗೆ, ಮನೆಗೆ ಕಳಿಸುವಾಗ ರಕ್ತ ತೆಳುಮಾಡುವ ಮಾತ್ರೆ ಬರೆದುಕೊಟ್ಟರೇ, ಫಿಸಿಯೊಥೆರಪಿ ಬೇಕೇ ಎಂದು ನೋಡಿದರೇ, ಸಿಗರೇಟು ಬಿಡಲು ಹೇಳಿದರೇ. ಈ ಲೆಕ್ಕಗಳನ್ನು ಆಸ್ಪತ್ರೆಗಳು ಪರಸ್ಪರ ಹೋಲಿಸಿ ನೋಡುತ್ತವೆ. ತಮ್ಮಲ್ಲಿ ಯಾಕೆ ತಡ, ಲ್ಯಾಬಿನಲ್ಲೋ ಲಿಫ್ಟಿನಲ್ಲೋ ಎಂದು ಕೂತು ಚರ್ಚಿಸುತ್ತವೆ. ಆ ಲೆಕ್ಕಗಳಲ್ಲಿ ಇನ್ನೂ ಒಂದಿದೆ: ಬಾಯಿಗೆ ಏನನ್ನಾದರೂ ಹಾಕುವ ಮೊದಲು ರೋಗಿ ನುಂಗಬಲ್ಲರೇ ಎಂದು ಪರೀಕ್ಷಿಸಿದರೇ? ಇದನ್ನು ಓದಿದಾಗ ಅಪ್ಪನಿಗೆ ಕುಡಿಸಿದ ಆ ಲೋಟ ನೀರು ನೆನಪಾಯಿತು. ಗಂಟಲಿನ ಸ್ನಾಯು ಸೋತಿದ್ದರೆ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ, ಪಾರ್ಶ್ವವಾಯು ಆದವರು ಎಷ್ಟೋ ಸಲ ಸಾಯುವುದು ಅದರಿಂದಲೇ. ಪ್ರೀತಿಯಿಂದ ಕುಡಿಸುವ ನೀರು.

ಪರದೆಯ ಮೇಲಿನ ವೈದ್ಯರ ವ್ಯವಸ್ಥೆಗೂ ಜಾರ್ಜಿಯಾದಲ್ಲಿ ಹಳೆಯ ಬೇರಿದೆ. ಆಗಸ್ಟಾ ನಗರದ ಮೆಡಿಕಲ್ ಕಾಲೇಜ್ ಆಫ್ ಜಾರ್ಜಿಯಾದಲ್ಲಿ ಡಾ. ಡೇವಿಡ್ ಹೆಸ್ ಮತ್ತು ತಂಡ 2003ರಲ್ಲಿ ಸುತ್ತಲಿನ ಹಳ್ಳಿಗಾಡಿನ ಆಸ್ಪತ್ರೆಗಳನ್ನು ಇಂಟರ್‌ನೆಟ್ ಮೂಲಕ ಜೋಡಿಸಿ 'ರೀಚ್' ಎಂಬ ಜಾಲ ಕಟ್ಟಿತು. ಇಂಜೆಕ್ಷನ್ ಅಲ್ಲೇ ಶುರುಮಾಡು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸು ಎಂಬುದು ಅದರ ಸರಳ ಸೂತ್ರ. ಅಲ್ಲಿಯವರೆಗೆ ಮೊದಲು ಕಳಿಸಿ ಆಮೇಲೆ ಕೊಡುತ್ತಿದ್ದರು, ಹೊತ್ತು ದಾರಿಯಲ್ಲೇ ಮುಗಿಯುತ್ತಿತ್ತು. ಇಂಥ ಸಮಾಲೋಚನೆಗೆ ಹಣ ಯಾರು ಕೊಡಬೇಕು ಎಂಬ ಜಗ್ಗಾಟ ಬಹುಕಾಲ ನಡೆಯಿತು. ರೋಗಿ ಹಳ್ಳಿಯಲ್ಲಿರಲಿ, ಪಟ್ಟಣದಲ್ಲಿರಲಿ ಮೆಡಿಕೇರ್ ವಿಮೆ ಇದಕ್ಕೆ ಹಣ ಕೊಡಲು ಶುರುಮಾಡಿದ್ದು 2019ರ ಜನವರಿಯಿಂದ.

ಇಲ್ಲಿ ಎಲ್ಲವೂ ಸರಿಯಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಜಾರ್ಜಿಯಾದಲ್ಲಿ 159 ಕೌಂಟಿಗಳಿವೆ, ಎಷ್ಟೋ ಕೌಂಟಿಗಳಲ್ಲಿ ಆಸ್ಪತ್ರೆಯೇ ಇಲ್ಲ. ಹಳ್ಳಿಗಾಡಿನ ಹಲವು ಆಸ್ಪತ್ರೆಗಳು ನಷ್ಟದಿಂದ ಬಾಗಿಲು ಹಾಕಿವೆ. ಆಸ್ಪತ್ರೆಯೇ ಮುಚ್ಚಿದ ಮೇಲೆ ಪಟ್ಟಿ ಇಟ್ಟುಕೊಂಡು ಏನು ಮಾಡುವುದು? ಬಡವರ ವಿಮೆಯಾದ ಮೆಡಿಕೇಡನ್ನು ಪೂರ್ತಿ ವಿಸ್ತರಿಸದ ರಾಜ್ಯಗಳಲ್ಲಿ ಇದೂ ಒಂದು. ವಿಮೆ ಇಲ್ಲದವರು ಬಿ.ಪಿ. ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಸ್ಟ್ರೋಕ್ ಬೆಲ್ಟ್ ಇನ್ನೂ ಬೆಲ್ಟ್ ಆಗಿಯೇ ಉಳಿದಿದೆ.

ನಮ್ಮ ಕಡೆ ಏನಿದೆ?

ಕಾಯ್ದೆ ಬಂದ ಅದೇ 2008ರಲ್ಲಿ, ನವೆಂಬರ್ ಒಂದರಂದು ಕರ್ನಾಟಕದಲ್ಲಿ 108 ಆರೋಗ್ಯ ಕವಚ ಶುರುವಾಯಿತು. ಆಂಬುಲೆನ್ಸ್ ಬಂದೇ ಬರುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಹುಟ್ಟಿದ್ದು ಅದರಿಂದ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಆರಂಭಿಸಿದವು. ಜಯನಗರ, ಕೋಲಾರ, ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ಮಿದುಳು ಚಿಕಿತ್ಸಾಲಯಗಳು ತೆರೆದವು. ಪಾರ್ಶ್ವವಾಯುವೂ ಅದರ ವ್ಯಾಪ್ತಿಯಲ್ಲಿದೆ.

ಇದಕ್ಕಿಂತ ಹತ್ತಿರದ ಮಾದರಿ ಹೃದಯದ್ದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅಟ್ಲಾಂಟಾದಲ್ಲೂ ಕನ್ನಡಿಗರ ಮನೆಗಳಲ್ಲಿ ಅಂದು ಒಲೆ ಹೊತ್ತಲಿಲ್ಲ. ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಎದೆನೋವೆಂದು ಬಂದವರ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿನ ತಜ್ಞರು ಹೌದೆಂದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ಆಗಸ್ಟಾದ ಸೂತ್ರವೇ ಇದು. ಕವರ್‌ಡೆಲ್ ಸಾವು ಅಲ್ಲಿ ಮಾಡಿಸಿದ್ದನ್ನು ಅಪ್ಪು ಸಾವು ಇಲ್ಲಿ ಮಾಡಿಸಿತು.

ಅದೇ ಟೆನೆಕ್ಟೆಪ್ಲೇಸನ್ನು, ಬೇರೆ ಪ್ರಮಾಣದಲ್ಲಿ, ಮಿದುಳಿನ ಹೆಪ್ಪಿಗೂ ಕೊಡುತ್ತಾರೆ. ಭಾರತದಲ್ಲಿ ಅದು ಮೊದಲಿನಿಂದಲೂ ಬಳಕೆಯಲ್ಲಿದೆ, ಅಮೆರಿಕ ಒಪ್ಪಿದ್ದು 2025ರಲ್ಲಿ. ಹಾಗೆಂದು ಹೃದಯದ ಯೋಜನೆಯನ್ನೇ ಮಿದುಳಿಗೂ ನಕಲು ಮಾಡಲು ಬರುವುದಿಲ್ಲ. ಎದೆಗೆ ಇಸಿಜಿ ಸಾಕು, ತಲೆಗೆ ಸಿ.ಟಿ. ಬೇಕು. ಇಸಿಜಿ ಯಂತ್ರ ಎಲ್ಲ ತಾಲ್ಲೂಕಿನಲ್ಲೂ ಇರಬಹುದು, ಸಿ.ಟಿ. ಹಾಗಲ್ಲ. ಆದ್ದರಿಂದ ಮೊದಲು ಬೇಕಾದದ್ದು ಹೊಸ ಕಟ್ಟಡವಲ್ಲ, ಒಂದು ಪಟ್ಟಿ. ರಾತ್ರಿ ಎರಡಕ್ಕೂ ಸಿ.ಟಿ. ನಡೆಯುವ ಆಸ್ಪತ್ರೆಗಳು ಯಾವುವು, ಇಂಜೆಕ್ಷನ್ ಎಲ್ಲಿ ದಾಸ್ತಾನಿದೆ, ಯಾರ ಫೋನಿಗೆ ಯಾವ ತಜ್ಞರು ಉತ್ತರ ಕೊಡುತ್ತಾರೆ ಎಂಬುದು ಸರ್ಕಾರಿ, ಖಾಸಗಿ ಎನ್ನದೆ ಒಂದೇ ಪಟ್ಟಿಯಲ್ಲಿ 108ರ ಚಾಲಕನ ಕೈಯಲ್ಲಿರಬೇಕು. ಖಾಸಗಿ ಆಸ್ಪತ್ರೆಗಳು ತಮ್ಮ ನಿಮಿಷಗಳ ಲೆಕ್ಕವನ್ನು ಇಲಾಖೆಗೆ ಕೊಡಬೇಕು. ಇದು ಒಂದು ಆಸ್ಪತ್ರೆಯಿಂದ ಆಗುವ ಕೆಲಸವಲ್ಲ, ಜಿಲ್ಲೆಯಿಂದಲೂ ಅಲ್ಲ. ಆಂಬುಲೆನ್ಸು, ಔಷಧ ಖರೀದಿ, ವಿಮೆ ಮೂರೂ ರಾಜ್ಯದ ಕೈಯಲ್ಲಿವೆ. ಹಣವಂತ ರಾಜ್ಯಕ್ಕೆ ಮಾತ್ರ ಸಾಧ್ಯ ಎನ್ನುವವರು ಹಿಮಾಚಲ ಪ್ರದೇಶದ ಕಡೆ ನೋಡಬಹುದು. ನರರೋಗ ತಜ್ಞರು ಬೆರಳೆಣಿಕೆಯಷ್ಟಿದ್ದ ಆ ಗುಡ್ಡಗಾಡು ರಾಜ್ಯ 2014ರಲ್ಲೇ ಸಿ.ಟಿ. ಇರುವ ಸರ್ಕಾರಿ ಆಸ್ಪತ್ರೆಗಳನ್ನು ಫೋನಿನಲ್ಲಿ ತಜ್ಞರೊಂದಿಗೆ ಜೋಡಿಸಿ, ಇಂಜೆಕ್ಷನ್ ಉಚಿತವಾಗಿ ಕೊಡಲು ತೊಡಗಿತು.

ಅಪ್ಪ ಅಮ್ಮ ಬಂದಾಗ, ಬರದಿದ್ದಾಗ

ಬೇಸಿಗೆಗೆ ತಂದೆತಾಯಿಯನ್ನು ಇಲ್ಲಿಗೆ ಕರೆಸಿಕೊಳ್ಳುವವರಿಗೆ ಎರಡು ಮಾತು. 911ಕ್ಕೆ ಕರೆ ಮಾಡಲು ಬಿಲ್ಲಿನ ಭಯದಿಂದ ಹಿಂಜರಿಯಬೇಡಿ. 1986ರ ಕೇಂದ್ರ ಕಾಯ್ದೆಯೊಂದರ ಪ್ರಕಾರ, ವಿಮೆ ಇರಲಿ ಬಿಡಲಿ, ವೀಸಾ ಯಾವುದೇ ಇರಲಿ, ತುರ್ತು ವಿಭಾಗಕ್ಕೆ ಬಂದವರನ್ನು ಪರೀಕ್ಷಿಸಿ ಸ್ಥಿರಗೊಳಿಸದೆ ಕಳಿಸುವಂತಿಲ್ಲ. ಬಿಲ್ಲು ಆಮೇಲೆ ಬರುತ್ತದೆ, ಬಂದೇ ಬರುತ್ತದೆ, ಅದೂ ಸಣ್ಣದಲ್ಲ. ಆದ್ದರಿಂದ ವಿಸಿಟರ್ ವಿಮೆ ಕೊಳ್ಳುವಾಗ ಅಗ್ಗದ್ದನ್ನು ನೋಡಬೇಡಿ, ಮೊದಲೇ ಇರುವ ಬಿ.ಪಿ., ಶುಗರ್ ದಿಢೀರನೆ ಉಲ್ಬಣಿಸಿದರೆ ಎಷ್ಟು ಕೊಡುತ್ತಾರೆ, ಎಪ್ಪತ್ತು ದಾಟಿದವರಿಗೆ ಅದು ಎಷ್ಟಕ್ಕೆ ಇಳಿಯುತ್ತದೆ ಎಂಬ ಸಾಲುಗಳನ್ನು ಓದಿ. ಅವರು ನುಂಗುವ ಮಾತ್ರೆಗಳ ಪಟ್ಟಿ ಇಂಗ್ಲಿಷಿನಲ್ಲಿ ಬರೆದಿಡಿ. ರಕ್ತ ತೆಳುಮಾಡುವ ಮಾತ್ರೆ ಇದ್ದರೆ ವೈದ್ಯರ ತೀರ್ಮಾನವೇ ಬದಲಾಗುತ್ತದೆ.

ಊರಿನಲ್ಲಿ ಇರುವವರ ವಿಷಯ ಇನ್ನೂ ಕಷ್ಟದ್ದು. ನಮ್ಮ ಮನೆಗಳಲ್ಲಿ ಏನಾದರೂ ಆದರೆ ಮೊದಲ ಫೋನು ಬರುವುದು ಅಮೆರಿಕದ ಮಗನಿಗೆ, ದುಬೈಯ ಮಗಳಿಗೆ. ಅದು ಅವರಿಗೆ ನಮ್ಮ ಮೇಲಿರುವ ಭರವಸೆ, ನಮಗೆ ಅದೊಂದು ಹೆಮ್ಮೆ ಕೂಡ. ಪಾರ್ಶ್ವವಾಯುವಿನ ಹೊತ್ತಿನಲ್ಲಿ ಆ ಭರವಸೆಯ ಬೆಲೆ ಅರ್ಧ ಗಂಟೆ ಎಂದು ನಾನು ಲೆಕ್ಕ ಹಾಕಿದ್ದೇನೆ.

ಕಳೆದ ಸಲ ಊರಿಗೆ ಹೋದಾಗ ತಾಲ್ಲೂಕು, ಜಿಲ್ಲಾ ಕೇಂದ್ರದ ಆಸ್ಪತ್ರೆಗಳಿಗೆ ಒಂದು ಸುತ್ತು ಹೋಗಿ ಕೇಳಿದೆ: ರಾತ್ರಿ ಸ್ಕ್ಯಾನ್ ಆಗುತ್ತದೆಯೇ, ಇಂಜೆಕ್ಷನ್ ಇಟ್ಟಿದ್ದೀರಾ? ಒಂದೆಡೆ ಗದರಿದರು, ಎರಡೆಡೆ ಕೂರಿಸಿ ಹೇಳಿದರು. ಗೊತ್ತಾದದ್ದನ್ನು ದಪ್ಪ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸಿದೆ. ಮುಖ ಸೊಟ್ಟ, ಕೈ ಸೋಲು, ಮಾತು ತೊದಲು: ಗಡಿಯಾರ ನೋಡು, 108ಕ್ಕೆ ಮಾಡು. ನೀರು ಕುಡಿಸಬೇಡ. ಕಾರಿರುವ ಪಕ್ಕದ ಮನೆಯವರ ನಂಬರು, ಆಸ್ಪತ್ರೆಯ ಹೆಸರು. ಎಲ್ಲಕ್ಕಿಂತ ಕೊನೆಯಲ್ಲಿ ನನ್ನ ನಂಬರು.

ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. 'ನಿನ್ನ ಹೆಸರು ಯಾಕೋ ತಳಕ್ಕೆ ಹಾಕಿದೀಯ?' ಎಂದು ಕೇಳಿದರು. ಅಪ್ಪ ಕುರ್ಚಿಯಲ್ಲಿ ಕೂತಿದ್ದರು. ನಿಧಾನವಾಗಿ, ಒಂದೊಂದೇ ಅಕ್ಷರ ಜೋಡಿಸಿ ಹೇಳಿದರು: 'ಅದು... ಅಲ್ಲೇ... ಇರ್ಲಿ.'